ಜೋಡಿ ಗೆರೆ

ನಮ್ಮ ಕಸುಬಿನಲ್ಲಿ ಗಂಡು ಅಂದರೆ ಚೌಕ, ಹೆಣ್ಣು ಅಂದರೆ ವೃತ್ತ. ಇಬ್ಬರ ನಡುವೆ ಒಂದು ಗೆರೆ ಎಳೆದರೆ ಮದುವೆ. ಆ ಇಬ್ಬರೂ ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಒಂದರ ಬದಲು ಎರಡು ಗೆರೆ. ರೋಗ ಇದ್ದವರ ಚೌಕವನ್ನೋ ವೃತ್ತವನ್ನೋ ಕಪ್ಪು ಮಾಡುತ್ತೇವೆ. ತೊಂಬತ್ತರ ದಶಕದ ಕೊನೆಗೆ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕೂತು ನಾನು ಇಂಥ ವಂಶವೃಕ್ಷಗಳನ್ನು ಬರೆಯುತ್ತಿದ್ದೆ. ಬರೆದು ಬರೆದು ಜೋಡಿ ಗೆರೆ ಎಷ್ಟು ರೂಢಿಯಾಯಿತೆಂದರೆ, ಒಂಟಿ ಗೆರೆಯ ಮದುವೆ ಕಂಡರೆ, ಪಾಪ, ಇವರಿಗೆ ಬಳಗದಲ್ಲಿ ಯಾರೂ ಸಿಗಲಿಲ್ಲವೇ ಎಂದು ಅನುಮಾನ ಬರುತ್ತಿತ್ತು.

ನಾವು ಬಿದ್ದಿದ್ದು ಒಂದು ಬಗೆಯ ಕುರುಡುತನದ ಹಿಂದೆ. ಹುಟ್ಟುವಾಗ ಕಣ್ಣು ಸರಿಯಾಗಿಯೇ ಇರುತ್ತವೆ. ಸಾಲಿಗೆ ಹೋಗುವ ವಯಸ್ಸಿನಲ್ಲಿ ಸಂಜೆಯಾದರೆ ಎಡವಲು ಶುರು. ಮೀಸೆ ಮೂಡುವ ಹೊತ್ತಿಗೆ ಹಗಲೂ ಕಾಣುವುದಿಲ್ಲ. ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಇದು ಕೆಲವು ಮನೆತನಗಳಲ್ಲಿ ಮಾತ್ರ ಇತ್ತು. ನಮ್ಮಲ್ಲಿ ಪ್ರತಿಯೊಂದು ಗುಣದ ಎರಡೆರಡು ಪ್ರತಿ ಇರುತ್ತವೆ, ಒಂದು ಅಪ್ಪನದು, ಒಂದು ಅವ್ವನದು. ಒಂದು ಕೆಟ್ಟಿದ್ದರೆ ಏನೂ ಆಗುವುದಿಲ್ಲ, ಆ ಮನುಷ್ಯನಿಗೆ ಗೊತ್ತೂ ಆಗುವುದಿಲ್ಲ. ಎರಡೂ ಕೆಟ್ಟಿದ್ದರೆ ಕಣ್ಣು ಹೋಗುತ್ತವೆ. ಹೀಗೆ ಒಂದೊಂದು ಕೆಟ್ಟ ಪ್ರತಿ ಇಟ್ಟುಕೊಂಡ ಗಂಡು ಹೆಣ್ಣು ಮದುವೆಯಾದರೆ ಹುಟ್ಟುವ ಪ್ರತಿ ಕೂಸಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆ ಕೆಟ್ಟ ಪ್ರತಿ ಎಲ್ಲಿ ಕೂತಿದೆ ಎಂದು ಹುಡುಕುವುದು ನಮ್ಮ ಗೈಡ್ ಹಿಡಿದ ಕೆಲಸ. ಹಳ್ಳಿಗಳಲ್ಲಿ ರಕ್ತ ತೆಗೆಯುವುದು ಒಂದು ತಂಡ, ಅದರಿಂದ ಅಂಕಿ ತೆಗೆಯುವುದು ಬೇರೆ ಊರಿನ ದೊಡ್ಡ ಪ್ರಯೋಗಾಲಯ, ಆ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹಾಕಿ ಅರ್ಥ ತೆಗೆಯುವುದು ನಾನು.

ಆ ಕಾಲಕ್ಕೆ ಇದಕ್ಕೆ ಹೆಸರೇ ಸರಿಯಾಗಿ ಇರಲಿಲ್ಲ. ಜೀವಶಾಸ್ತ್ರದವರ ಕಣ್ಣಿಗೆ ನಾನು ಟೈಪಿಸ್ಟ್. ಕಂಪ್ಯೂಟರ್ ವಿಭಾಗದವರಿಗೆ ಕಪ್ಪೆ ಕೊಯ್ಯುವಾಕೆ. ನಮ್ಮ ಓಣಿಯ ಹೆಂಗಸರು ಏನು ಕೆಲಸ ಎಂದು ಕೇಳಿದರೆ, ಕಂಪ್ಯೂಟರಿನಲ್ಲಿ ರಕ್ತ ನೋಡುತ್ತೇನೆ ಎನ್ನುತ್ತಿದ್ದೆ. ಅವರು ಹೌದಾ ಎಂದು ತಮ್ಮ ಸಕ್ಕರೆ ಕಾಯಿಲೆಯ ಕಾಗದ ತಂದು ತೋರಿಸುತ್ತಿದ್ದರು.

ಕೆಲಸಕ್ಕೆ ಬೇಕಾದ ಪ್ರೋಗ್ರಾಮು ಪರದೇಶದಿಂದ ಫ್ಲಾಪಿಗಳಲ್ಲಿ ಬಂದಿತ್ತು. ಅದನ್ನು ಬರೆದ ಪುಣ್ಯಾತ್ಮರು ವಂಶವೆಂದರೆ ಮರವೆಂದೇ ನಂಬಿದವರು. ಮರದ ಕೊಂಬೆಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ, ಮತ್ತೆ ಕೂಡುವುದಿಲ್ಲ. ನಮ್ಮಲ್ಲಿ ಕೊಂಬೆ ಕೂಡದಿದ್ದರೆ ಮದುವೆಯೇ ಆಗುವುದಿಲ್ಲವಲ್ಲ! ಅಕ್ಕನ ಮಗಳನ್ನು ಮಾಡಿಕೊಂಡ ಮಾವ ಮೇಲಿನ ಸಾಲಿನಲ್ಲಿ ಮಗ, ಕೆಳಗಿನ ಸಾಲಿನಲ್ಲಿ ಅಳಿಯ. ಗೆರೆ ಹಿಡಿದು ಹೊರಟರೆ ಸುತ್ತು ಹೊಡೆದು ಹೊರಟ ಜಾಗಕ್ಕೇ ಬರುತ್ತೇವೆ. ಮೊದಲನೆಯ ಮನೆತನವನ್ನು ಹಾಕಿದಾಗ ಕಂಪ್ಯೂಟರು ದಿನಗಟ್ಟಲೆ ಗುರುಗುಟ್ಟಿ ಕೊನೆಗೆ ಸುಮ್ಮನೆ ನಿಂತಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆಮೇಲೆ ಗೊತ್ತಾದ ಉಪಾಯವೆಂದರೆ, ಸುತ್ತಿನಲ್ಲಿರುವ ಒಬ್ಬ ಮನುಷ್ಯನನ್ನು ಇಬ್ಬರೆಂದು ಸುಳ್ಳು ಹೇಳಿ ಬರೆಯುವುದು. ಆಗ ಸುತ್ತು ಕಡಿಯುತ್ತದೆ, ಲೆಕ್ಕ ಮುಂದೆ ಹೋಗುತ್ತದೆ. ಯಾರನ್ನು ಸೀಳಿದರೆ ಲೆಕ್ಕ ಲಗೂ ಮುಗಿಯುತ್ತದೆ ಎಂದು ಹುಡುಕುವ ಒಂದು ಪ್ರೋಗ್ರಾಮನ್ನು ನಾನು ಬರೆದೆ. ಅದೇ ನನ್ನ ಪಿಎಚ್.ಡಿ. ಸರಳವಾಗಿ ಹೇಳುವುದಾದರೆ, ಸೋದರಮಾವಂದಿರನ್ನು ಎರಡಾಗಿ ಸೀಳಿ ಡಾಕ್ಟರ್ ಆದವಳು ನಾನು.

ಈ ಕೆಲಸಕ್ಕೆ ನಾನು ಯಾಕೆ ಬಂದೆ ಎಂದು ಸಂದರ್ಶನದಲ್ಲಿ ಕೇಳಿದ್ದರು. ನಮ್ಮ ಅಣ್ಣ ಕುರುಡ ಎಂದೆ. ಉಣಕಲ್ಲಿನಲ್ಲಿ ರಸ್ತೆಯ ಮಗ್ಗುಲಿಗೆ ಅವನದೊಂದು ಎಸ್‌ಟಿಡಿ ಬೂತ್ ಇತ್ತು. ಗಿರಾಕಿ ನಂಬರು ಹೇಳಿದರೆ ಬೆರಳಿನ ಅಂದಾಜಿನಲ್ಲಿ ಒತ್ತಿಕೊಡುತ್ತಿದ್ದ. ಅಪ್ಪ ಅವ್ವ ಸೋದರತ್ತೆ ಸೋದರಮಾವನ ಮಕ್ಕಳು. ನನಗೆ ಕಣ್ಣು ಉಳಿದವು, ಅವನಿಗೆ ಹೋದವು. ಅವ್ವ ಅದನ್ನು ದೇವರು ಕೊಟ್ಟದ್ದು ಎಂದು ಒಂದು ಸಲ ಹೇಳಿ ಮುಗಿಸಿದಾಕೆ, ಮತ್ತೆ ಆ ಮಾತು ಎತ್ತಲಿಲ್ಲ.

ಅವ್ವನಿಗೆ ಇಬ್ಬರು ತಮ್ಮಂದಿರು. ದೊಡ್ಡ ಮಾವ ಉಪ್ಪಿನಬೆಟಗೇರಿಯಲ್ಲಿ ಹೊಲ ನೋಡಿಕೊಂಡಿದ್ದ. ಸಣ್ಣ ಮಾವ ಅವ್ವನಿಗಿಂತ ಎಷ್ಟೋ ಸಣ್ಣವ, ನನಗಿಂತ ನಾಲ್ಕೈದು ವರ್ಷ ದೊಡ್ಡವ. ಕೇಶ್ವಾಪುರದಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟಿದ್ದ. ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ಇವಳು ಅವನಿಗೆ ಎಂದಿದ್ದಳಂತೆ. ನಮ್ಮ ಕಡೆ ಇದಕ್ಕೆ ಬೇರೆ ನಿಶ್ಚಯ ಬೇಕಿಲ್ಲ. ಭಾನುವಾರ ಬಂದರೆ ಅವನು ಗಿರ್ಮಿಟ್ಟು ಕಟ್ಟಿಸಿಕೊಂಡು ಬಂದು, ಬೂತಿನಲ್ಲಿ ಅಣ್ಣನ ಪಕ್ಕ ಕೂತು ಪೇಪರು ಓದಿ ಹೇಳುತ್ತಿದ್ದ. ನನ್ನ ಕೆಲಸ ಏನೆಂದು ತಾಳ್ಮೆಯಿಂದ ಕೇಳಿ ತಿಳಿದುಕೊಂಡವನು ಇಡೀ ಬಳಗದಲ್ಲಿ ಅವನೊಬ್ಬನೇ. ಸುತ್ತು ಕಡಿಯಲು ಮಾವನನ್ನು ಸೀಳುವ ಸಂಗತಿ ಹೇಳಿದಾಗ ಅವನು ಗಿರ್ಮಿಟ್ಟಿನ ಪೊಟ್ಟಣ ಮಡಚುತ್ತ, "ಹಂಗಾರ ನನ್ನೂ ಸೀಳ್ತೀಯೇನು?" ಎಂದ. ಅಣ್ಣ ನಕ್ಕ. ನಾನೂ ನಕ್ಕೆ. ನನಗೆ ಅವನೇ ಬೇಕಾಗಿದ್ದ. ಅಜ್ಜಿ ಹೇಳಿದ್ದಕ್ಕಲ್ಲ, ಅವ್ವ ಹೇಳಿದ್ದಕ್ಕಲ್ಲ, ನನಗೆ ಬೇಕಾಗಿದ್ದ.

ನಮ್ಮ ಮನೆತನವನ್ನೂ ಕೆಲಸಕ್ಕೆ ಸೇರಿಸಿಕೊಳ್ಳೋಣ ಎಂದವರು ಗೈಡ್. ಆದರೆ ರಕ್ತ ತೆಗೆಯುವ ದಿನ ನಾನು ಅಲ್ಲಿ ಇರಕೂಡದು ಎಂದರು. ಮನೆಮಗಳು ಎದುರಿಗೆ ನಿಂತರೆ ಅವಳ ಮುಖ ನೋಡಿ ಎಲ್ಲರೂ ಹೂಂ ಅನ್ನುತ್ತಾರೆ, ಅದು ಒಪ್ಪಿಗೆಯಲ್ಲ ಎಂದು ಅವರ ವಾದ. ಅವರ ಮಾತು ಸರಿಯೇ ಇತ್ತು, ಇವತ್ತಿಗೂ ನನ್ನದೇನೂ ತಕರಾರಿಲ್ಲ. ನನ್ನ ರಕ್ತವನ್ನು ಪ್ರಯೋಗಾಲಯದಲ್ಲೇ ತೆಗೆದುಕೊಂಡು, ಪ್ರೋಗ್ರಾಮಿನ ಹೊಸ ಪಾಠ ಕಲಿತು ಬಾ ಎಂದು ನನ್ನನ್ನು ಆ ವಾರ ಬೇರೆ ಊರಿಗೆ ಕಳಿಸಿದರು. ಉಪ್ಪಿನಬೆಟಗೇರಿಯ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಎರಡು ಹೊರಸು ಹಾಕಿ ಇಬ್ಬರು ರಕ್ತ ತೆಗೆದರಂತೆ. ಅಜ್ಜಿ ಎಲ್ಲರಿಗೂ ಉಪ್ಪಿಟ್ಟು ಮಾಡಿಸಿದ್ದಳಂತೆ. ನಾನು ತಿರುಗಿ ಬಂದಾಗ ಕೊಳವೆಗಳ ಮೇಲೆ ಹೆಸರಿರಲಿಲ್ಲ, ನಂಬರಿತ್ತು. ನಾವು ಹದಿನಾಲ್ಕನೆಯ ಮನೆತನ. ಅದರಲ್ಲಿ ದೊಡ್ಡ ಮಾವ ಆರು, ಸಣ್ಣ ಮಾವ ಏಳು. ಹೆಸರು ಮುಚ್ಚಿದರೇನು, ನನ್ನ ಮನೆಯ ಚೌಕ ವೃತ್ತ ನನಗೆ ಗೊತ್ತಾಗುವುದಿಲ್ಲವೇ?

ಇನ್ನೊಂದು ನಿಯಮವೂ ಇತ್ತು. ಇದು ಸಂಶೋಧನೆ, ಆಸ್ಪತ್ರೆಯ ಪರೀಕ್ಷೆಯಲ್ಲ, ಆದ್ದರಿಂದ ಫಲಿತಾಂಶ ಯಾವ ಮನೆಗೂ ಹೋಗಕೂಡದು. ನಾನು ಅದಕ್ಕೂ ತಲೆಯಾಡಿಸಿದ್ದೆ.

ಲೆಕ್ಕವನ್ನು ಎಷ್ಟು ನಂಬಬಹುದು ಎಂದು ಹೇಳುವ ಒಂದು ಅಂಕ ನಮ್ಮಲ್ಲಿದೆ, ಅದು ಮೂರು ದಾಟಿದರೆ ಕೆಟ್ಟ ಪ್ರತಿಯ ಜಾಗ ಸಿಕ್ಕಿತು ಎಂದು ನಂಬುವ ವಾಡಿಕೆ. ಎಲ್ಲ ಮನೆತನಗಳ ಲೆಕ್ಕ ಕೂಡಿ ಅಂಕ ಮೂರು ದಾಟಿದ ದಿನ ಗೈಡ್ ಎಲ್ಲರಿಗೂ ಚಹಾ, ಮಿರ್ಚಿ ಭಜಿ ತರಿಸಿದರು. ನನ್ನ ಭುಜ ತಟ್ಟಿ, ಈ ಕೆಲಸ ನಿನ್ನದು ಎಂದರು. ಎಲ್ಲರೂ ಹೊರಗೆ ಭಜಿ ತಿನ್ನುವಾಗ ನಾನು ಒಳಗೆ ಕೂತು ಹದಿನಾಲ್ಕನೆಯ ಮನೆತನವನ್ನು ತೆರೆದೆ. ಅಣ್ಣನಲ್ಲಿ ಎರಡೂ ಪ್ರತಿ ಕೆಟ್ಟವು. ಅಪ್ಪನಲ್ಲಿ ಒಂದು, ಅವ್ವನಲ್ಲಿ ಒಂದು. ನನ್ನಲ್ಲಿ ಒಂದು. ಆರನೆಯವನಲ್ಲಿ ಒಂದು. ಏಳನೆಯವನಲ್ಲಿ ಒಂದು. ಆರು, ಏಳು ಪಕ್ಕಪಕ್ಕದ ಸಾಲಿನಲ್ಲಿ ಅಂಕಿಗೆ ಅಂಕಿ ಒಂದೇ ಥರ ಇದ್ದರು. ಅಣ್ಣತಮ್ಮಂದಿರಲ್ಲಿ ಅದೇನು ದೊಡ್ಡ ಮಾತಲ್ಲ. ಆಗ ನಾವು ನೋಡುತ್ತಿದ್ದದ್ದು ಒಂದು ಗೇಣು ಜಾಗವನ್ನಷ್ಟೆ, ಅಷ್ಟರಲ್ಲಿ ಇಬ್ಬರು ಹೊಂದುವುದು ಎಷ್ಟೋ ಮನೆತನಗಳಲ್ಲಿ ಕಂಡದ್ದೇ. ನಾನು ಅಲ್ಲಿ ನಿಲ್ಲಲಿಲ್ಲ. ಏಳನೆಯ ಸಾಲನ್ನೇ ನೋಡುತ್ತ ಕೂತೆ. ಯಾರೋ ನನ್ನ ಪಾಲಿನ ಭಜಿಯನ್ನು ಕಾಗದದಲ್ಲಿ ತಂದು ಮೇಜಿನ ಮೇಲಿಟ್ಟು ಹೋದರು.

ಅಳು ಬರಲಿಲ್ಲ. ಬರಬೇಕಿತ್ತು ಎಂದು ಗೊತ್ತಿತ್ತು, ಕಾದೆ, ಬರಲಿಲ್ಲ. ಎದ್ದು, ಬಸ್ಸು ಹತ್ತಿ, ಉಣಕಲ್ಲಿಗೆ ಬಂದು, ಅಕ್ಕಿ ಆರಿಸಿ ಇಟ್ಟೆ.

ಆ ಭಾನುವಾರ ಅವನನ್ನು ಕೆರೆಯ ದಂಡೆಗೆ ಕರೆದುಕೊಂಡು ಹೋದೆ. ಬಟ್ಟೆ ಒಗೆಯುವವರು ಒಗೆಯುತ್ತಿದ್ದರು. ನಿಯಮ ಮುರಿದು ಎಲ್ಲ ಹೇಳಿದೆ. ರಕ್ತದಲ್ಲಿ ಬಂದಿದೆ, ನಿನ್ನದರಲ್ಲೂ ಇದೆ, ನನ್ನದರಲ್ಲೂ ಇದೆ, ಅಣ್ಣನಂಥ ಇನ್ನೊಂದು ಜೀವವನ್ನು ನಾನು ಗೊತ್ತಿದ್ದೂ ಹೆರಲಾರೆ ಎಂದೆ. ಅವನು ಕೇಳಿದ್ದು ಒಂದೇ ಮಾತು.

"ನಮ್ಮ ಅಣ್ಣಂದೂ ಹಂಗ ಐತೇನು?"

"ಹೌದು ಮಾಮಾ. ಇಬ್ಬರದೂ ಒಂದ ಥರಾ ಐತಿ."

"ಹಂಗಾರ ಮುಗೀತು," ಎಂದ.

ಇವನು ದೊಡ್ಡ ಮಾವನ ವಿಷಯ ಯಾಕೆ ಕೇಳಿದ ಎಂದು ಆಗ ನನಗೆ ಹೊಳೆಯಲಿಲ್ಲ. ದುಃಖದಲ್ಲಿ ಮನುಷ್ಯ ಏನಾದರೂ ಕೇಳುತ್ತಾನೆ ಎಂದುಕೊಂಡೆ. ಮಕ್ಕಳೇ ಬೇಡ, ನಾವಿಬ್ಬರು ಇದ್ದರಾಯಿತು ಎಂದು ಅವನು ಅನ್ನಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಅವನು ಅನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಅವ್ವನಿಗೆ ಕಾರಣ ಹೇಳಿದರೆ ಅವಳಿಗೆ ಅದು ಕಾರಣ ಅನ್ನಿಸಲಿಲ್ಲ. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ. ನಿಂದು ತಿರುವುಮುರುವು ಆಗೇತಿ," ಎಂದಳು. ತಮ್ಮನನ್ನು ಕಳೆದುಕೊಂಡೆ ಎಂಬ ಸಿಟ್ಟು ಅವಳಿಗೆ. ಹಬ್ಬಕ್ಕೂ ಅವನು ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಪೇಪರು ಓದಿ ಹೇಳುವವರು ಇಲ್ಲವಾದರು ಎಂದು ಅಣ್ಣ ರೇಡಿಯೋ ಕೊಂಡ. ಮುಂದಿನ ವರ್ಷ ಸಣ್ಣ ಮಾವನಿಗೆ ನರಗುಂದದ ಕಡೆಯ ಹೆಣ್ಣು ಬಂದಿತು. ಒಂಟಿ ಗೆರೆಯ ಮದುವೆ. ನಾನೂ ಹೋಗಿ ಅಕ್ಕಿಕಾಳು ಹಾಕಿ, ಊಟ ಮಾಡಿ ಬಂದೆ. ಊಟ ಛಲೋ ಇತ್ತು.

ಆಮೇಲಿನ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಪ್ರಬಂಧ ಅಚ್ಚಾಯಿತು. ಡಿಗ್ರಿ ಬಂತು. ನಮ್ಮ ಕ್ಷೇತ್ರಕ್ಕೆ ಹೆಸರೂ ಬಂತು, ಅದರ ಹಿಂದೆ ಹುಡುಗರೂ ಬಂದರು, ಸಮ್ಮೇಳನಗಳೂ ಬಂದವು. ಹೊರಗಿನ ಗಂಡುಗಳನ್ನು ಅವ್ವ ತೋರಿಸಿದಳು. ನಾನು ಬೇಡವೆಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ, ಬಂದವರು ತಾವಾಗಿ ಬೇಸತ್ತು ಹೋದರು. ಒಂದು ಪ್ರಾಜೆಕ್ಟು ಮುಗಿದರೆ ಇನ್ನೊಂದು. ಬೇರೆ ಊರಿಗೆ ಹೋದೆ, ತಿರುಗಿ ಧಾರವಾಡಕ್ಕೇ ಬಂದೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ. ಖುಷಿಯೂ ಇಲ್ಲ, ದುಃಖವೂ ಇಲ್ಲ. ಚಿಮಟಿದರೆ ನೋಯದ ಜಾಗ ಮೈಯಲ್ಲಿ ಒಂದಿರುತ್ತದೆ ನೋಡಿ, ನಾನು ಇಡಿಯಾಗಿ ಹಾಗೆ ಆಗಿದ್ದೆ. ಆದರೂ ಒಂದು ಸಮಾಧಾನವಿತ್ತು. ನಾನು ಸರಿಯಾದದ್ದನ್ನು ಮಾಡಿದ್ದೆ. ಬೇರೇನೂ ಇಲ್ಲದಿದ್ದರೂ ಅದು ಇತ್ತು. ಆ ಒಂದರ ಮೇಲೆ ಕಾಲೂರಿ ಹತ್ತು ವರ್ಷದ ಹತ್ತಿರ ನಿಂತಿದ್ದೆ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಕಾಲ ಬದಲಾಯಿತು. ಒಂದು ಗೇಣು ನೋಡುತ್ತಿದ್ದ ನಮಗೆ ಇಡೀ ಮೈಯ ಲಕ್ಷಗಟ್ಟಲೆ ಗುರುತುಗಳನ್ನು ಒಂದೇ ಸಲಕ್ಕೆ ಓದುವ ಸವಲತ್ತು ಸಿಕ್ಕಿತು. ಶೀತದಲ್ಲಿಟ್ಟಿದ್ದ ಹಳೆಯ ಕೊಳವೆಗಳನ್ನೆಲ್ಲ ಹೊರತೆಗೆದು ಮತ್ತೆ ಓದಿಸಿದೆವು. ಈಗ ನನ್ನ ಕೆಲಸ ಯಂತ್ರಕ್ಕೆ ಕಲಿಸುವುದು. ಇಷ್ಟು ಜನರ ಅಂಕಿ ಕೊಟ್ಟು, ಇವರ ಕಣ್ಣು ಹೋಗಿವೆ, ಇವರದು ಉಳಿದಿವೆ ಎಂದು ತೋರಿಸುತ್ತ ಹೋಗುವುದು. ಆಮೇಲೆ ಅದು ಹಿಂದೆ ಕಾಣದ ಜನರ ಅಂಕಿ ಕೊಟ್ಟು, ಇವರದೇನು ಹೇಳು ಎಂದು ಪರೀಕ್ಷೆ ಮಾಡುವುದು. ಕಲಿಸುವಾಗ ಕಂಡವರೇ ಪರೀಕ್ಷೆಗೂ ಬಂದುಬಿಟ್ಟರೆ ಪ್ರಶ್ನೆಪತ್ರಿಕೆ ಮೊದಲೇ ಬಯಲಾದಂತೆ. ಯಂತ್ರ ಎಲ್ಲ ಸರಿ ಹೇಳಿ ನಮಗೆ ಮೋಸ ಮಾಡುತ್ತದೆ. ಅದಕ್ಕೆ ಕಲಿಸುವ ಮೊದಲು, ಒಬ್ಬನೇ ಮನುಷ್ಯ ಎರಡು ನಂಬರಿನಲ್ಲಿ ಬಂದಿದ್ದಾನೆಯೇ ಎಂದು ಸೋಸಬೇಕು. ಇದು ಬೇಸರದ ಕೆಲಸ, ಹುಡುಗರು ಮಾಡುವುದಿಲ್ಲ, ನಾನೇ ಮಾಡುತ್ತಿದ್ದೆ.

ಸೋಸಿದರೆ ಜೋಡಿಗಳು ಒಂದಲ್ಲ, ಹಲವು ಬಂದವು. ಪ್ರಯೋಗಾಲಯದಲ್ಲಿ ಕೊಳವೆ ಅದಲುಬದಲಾಗಿವೆ ಎಂದು ಮೊದಲು ಅಲ್ಲಿಯವರನ್ನು ಬೈದೆ. ಆದರೆ ಎಲ್ಲ ಜೋಡಿಗಳೂ ಒಂದೇ ಮನೆಯ ಒಳಗಿನವು. ಅಣ್ಣ ತಮ್ಮ, ಅಪ್ಪ ಮಗ, ಹೀಗೆ. ಕೊಳವೆ ತಪ್ಪಿದ್ದರೆ ಊರು ದಾಟಿ ತಪ್ಪಬೇಕಿತ್ತು. ಹಾಗೆ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತ ಬಂದೆ. ಹದಿನಾಲ್ಕನೆಯ ಮನೆತನ. ಆರು ಮತ್ತು ಏಳು, ಒಬ್ಬನೇ ಮನುಷ್ಯ.

ಮರುದಿನ ರಜೆ ಹಾಕಿ ಉಪ್ಪಿನಬೆಟಗೇರಿಗೆ ಹೋದೆ. ಅಜ್ಜಿ ತೀರಿಕೊಂಡಿದ್ದಳು. ದೊಡ್ಡ ಮಾವ ಅದೇ ಪಡಸಾಲೆಯಲ್ಲಿ ಕಡಲೆಕಾಳು ಹರವಿಕೊಂಡು ಕೂತಿದ್ದ. ರಕ್ತ ತೆಗೆದ ದಿನ ನೆನಪಿದೆಯೇ ಎಂದು ಕೇಳಿದೆ. ಚೆನ್ನಾಗಿ ನೆನಪಿತ್ತು. ಆ ದಿನ ತಮ್ಮನಿಗೆ ಅಂಗಡಿ ಬಿಟ್ಟು ಬರಲು ಆಗಲಿಲ್ಲವಂತೆ, ಮಳೆಗಾಲದ ಮುಂದೆ ಪಂಪಿನ ಗಿರಾಕಿ ಹೆಚ್ಚು. ಮೊಮ್ಮಗಳ ಕೆಲಸಕ್ಕೆ ಒಂದು ಕೊಳವೆ ಕಡಿಮೆ ಬೀಳುತ್ತದೆ ಎಂದು ಅಜ್ಜಿ ಚಡಪಡಿಸಿದಳಂತೆ.

"ನಾ ಈ ಹೊರಸಿನ ಮ್ಯಾಲ ನಂದ ಕೊಟ್ಟೆ. ಉಪ್ಪಿಟ್ಟು ತಿಂದು ಆ ಹೊರಸಿನ ಮ್ಯಾಲ ಅವನ ಹೆಸರಿಲೆ ಕೊಟ್ಟೆ. ಒಂದ ತಾಯಿ ಹಾಲು ಕುಡದವರು, ನಮ್ಮ ರಕ್ತ ಬ್ಯಾರೆ ಬ್ಯಾರೆ ಇರತೈತೇನವಾ? ನಿನ್ನ ಕೆಲಸ ನಿಂದ್ರಬಾರದು ಅಂತ ಕೊಟ್ಟೆ," ಎಂದ. ಹೆಮ್ಮೆಯಿಂದಲೇ ಹೇಳಿದ. ಎರಡು ಸಲ ಸೂಜಿ ಚುಚ್ಚಿಸಿಕೊಂಡದ್ದಕ್ಕೆ ಎರಡು ದಿನ ತೋಳು ನೋಯಿತಂತೆ.

ನಮ್ಮ ಕಡೆ ಮನೆಯ ಹಿರಿಯ ಎಲ್ಲರ ಹೆಸರಿನಲ್ಲಿ ಉಪವಾಸ ಮಾಡುತ್ತಾನೆ, ಎಲ್ಲರ ಹೆಸರಿನಲ್ಲಿ ಕಾಯಿ ಒಡೆಯುತ್ತಾನೆ. ರಕ್ತ ಕೊಟ್ಟದ್ದೂ ಅದೇ ಲೆಕ್ಕದಲ್ಲಿ. ಉಳಿದ ಮನೆಗಳಲ್ಲೂ ಹೀಗೇ ಆಗಿರಬೇಕು. ವಂಶದ ರಕ್ತ ಒಂದೇ ಎಂದು ನಂಬುವ ಜನರ ನಡುವೆ, ಒಂದೇ ಅಲ್ಲ ಎಂದು ತೋರಿಸಲು ನಾವು ಹೋಗಿದ್ದೆವು. ಕೊಡುವವನ ಮುಖ ನೋಡಿ ಹೆಸರು ಕೇಳಬೇಕು ಎಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಮಾವ ಕಡಲೆಕಾಳು ಕಟ್ಟಿಕೊಟ್ಟ, ತಗೊಂಡು ಎದ್ದೆ.

ಅಲ್ಲಿಂದ ಸೀದಾ ಕೇಶ್ವಾಪುರಕ್ಕೆ ಹೋದೆ. ಸಣ್ಣ ಮಾವನ ಅಂಗಡಿ ಈಗ ಎರಡು ಬಾಗಿಲಿನದಾಗಿತ್ತು. ಕೂದಲು ನರೆತಿತ್ತು. ಮಕ್ಕಳಿಬ್ಬರೂ ಸಾಲಿಗೆ ಹೋಗಿದ್ದರು, ಇಬ್ಬರ ಕಣ್ಣೂ ಚೆನ್ನಾಗಿವೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಹೆಂಡತಿ ಹೊರಗಿನವಳು, ಅವಳ ಎರಡೂ ಪ್ರತಿ ಒಳ್ಳೆಯವಿದ್ದರೆ ಇವನದು ಹೇಗಿದ್ದರೂ ನಡೆಯುತ್ತದೆ. ಅವನು ಸ್ಟೂಲು ಒರೆಸಿ ಕೊಟ್ಟ. ಕೆರೆಯ ದಂಡೆಯ ಮೇಲೆ ಆವತ್ತು, ನೀನು ರಕ್ತ ಕೊಟ್ಟೇ ಇಲ್ಲ ಎಂಬುದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಒಂದು ವಾಷರನ್ನು ಬೆರಳಿಗೆ ಹಾಕಿ ತೆಗೆದು ಮಾಡಿದ.

"ಅಣ್ಣಂದ ಕೆಟ್ಟೈತಿ ಅಂದ ಮ್ಯಾಲ ನಂದೂ ಕೆಟ್ಟೈತಿ ಅಂತ ತಿಳಕೊಂಡೆ. ನೀ ಓದಿದಾಕಿ, ನಿನಗ ಹೆಂಗ ತಿರುಗಿ ಕೇಳೂದು? ನಿನಗ ನಾ ಬ್ಯಾಡಾಗೇನಿ ಅಂತನೂ ಅನ್ನಿಸ್ತು, ಖರೇ ಹೇಳತೇನಿ."

ನಿನ್ನದು ಬೇರೆ ಇರಬಹುದಿತ್ತು, ಕೆಟ್ಟದ್ದು ಇರುವುದಕ್ಕೂ ಇಲ್ಲದಿರುವುದಕ್ಕೂ ಸಮಸಮ ಪಾಲಿತ್ತು ಎಂದು ಹೇಳಿದೆ. ಅದು ಅವನಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು. ಅವನು ವಾಷರು ಕೆಳಗಿಟ್ಟು, ಅಂಗಿಯ ತೋಳು ಮಡಚಿ, ಕೈಯನ್ನು ಗಲ್ಲೆಯ ಮೇಲೆ ಚಾಚಿದ.

"ಈಗ ತಗೊಂಡು ನೋಡು. ಎರಡರಾಗ ಒಂದು ಗೊತ್ತರ ಆಗಲಿ."

"ಬ್ಯಾಡ ಮಾಮಾ," ಎಂದೆ.

ಕೆಟ್ಟದ್ದು ಎಂದು ಬಂದರೆ ಏನೂ ಬದಲಾಗುವುದಿಲ್ಲ. ಒಳ್ಳೆಯದು ಎಂದು ಬಂದರೆ ನಾಳೆಯಿಂದ ನಾನು ಎದ್ದು ಕೆಲಸಕ್ಕೆ ಹೋಗುವುದು ಹೇಗೆ? ಅವನು ಒತ್ತಾಯ ಮಾಡಲಿಲ್ಲ. ತೋಳು ಇಳಿಸಿ ಗುಂಡಿ ಹಾಕಿಕೊಂಡ. ಗಿರಾಕಿಯೊಬ್ಬ ಬಂದು ಫುಟ್‌ವಾಲ್ವ್ ಕೇಳಿದ, ಅವನು ಎದ್ದು ಒಳಗೆ ಹೋದ, ನಾನು ಬಸ್ಸಿಗೆ ಬಂದೆ.

ಜೋಡಿ ನಂಬರು ಸಿಕ್ಕರೆ ಎರಡರಲ್ಲಿ ಒಂದನ್ನು ತೆಗೆಯಬೇಕು ಎಂಬುದು ನಮ್ಮ ಕೆಲಸದ ರೀತಿ. ಯಾವುದನ್ನು ತೆಗೆಯಬೇಕು ಎಂಬುದು ಕೂತು ಮಾಡುವವರಿಗೆ ಬಿಟ್ಟದ್ದು. ಮರುದಿನ ಕೂತು ಒಂದೊಂದೇ ಜೋಡಿಯನ್ನು ಬಿಡಿಸಿದೆ. ಹದಿನಾಲ್ಕನೆಯ ಮನೆತನದಲ್ಲಿ ಏಳನೆಯ ನಂಬರನ್ನು ತೆಗೆದೆ. ಅದು ಅವನದಾಗಿರಲೇ ಇಲ್ಲ, ಅವನ ಒಂದು ಹನಿಯೂ ನಮ್ಮ ಹತ್ತಿರ ಎಂದೂ ಬಂದಿರಲಿಲ್ಲ. ಬೇರೆಯವನ ರಕ್ತ ನೋಡಿ ಅವನನ್ನು ಬಿಟ್ಟಿದ್ದೆ. ಆಮೇಲೆ ಯಂತ್ರಕ್ಕೆ ಮತ್ತೆ ಮೊದಲಿನಿಂದ ಕಲಿಸಲು ಹಚ್ಚಿ, ಡಬ್ಬಿ ತೆರೆದು ರೊಟ್ಟಿ ತಿಂದೆ. ಊಟ ಮುಗಿಸಿ ಬರುವಷ್ಟರಲ್ಲಿ, ಯಂತ್ರ ನೂರಕ್ಕೆ ಎಷ್ಟು ಸರಿ ಹೇಳಿತು ಎಂಬ ಉತ್ತರ ಬಂದಿತ್ತು. ಏಳನೆಯವನಿದ್ದಾಗ ಎಷ್ಟಿತ್ತೋ ಅಷ್ಟೇ ಇತ್ತು.